ಹುಬ್ಬಳ್ಳಿಯಿಂದ ಕಾರವಾರದ ಯುದ್ಧನೌಕೆಗೆ ಒಂದು ದಿನದ ಪ್ರವಾಸ: ತಂಡ ಕರೆದೊಯ್ಯುವವರಿಗೆ ಮಾರ್ಗದರ್ಶಿ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಕಾರವಾರಕ್ಕೆ ಹೋಗುವ ತಂಡಗಳಲ್ಲಿ ಹೆಚ್ಚಿನವು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಇಳಿದೊಡನೆ ನೀರಿನ ಕಡೆಗೆ ಓಡುತ್ತವೆ. ಮಧ್ಯಾಹ್ನದವರೆಗೂ ಅಲೆಗಳಲ್ಲಿ ಆಡಿ, ಬಟ್ಟೆ ಬದಲಿಸಿ, ಇನ್ನೇನು ಬಸ್ಸು ಹತ್ತಬೇಕೆನ್ನುವಾಗ ಪಕ್ಕದಲ್ಲೇ ನಿಂತಿರುವ ಯುದ್ಧನೌಕೆಯನ್ನು ಹತ್ತಿ, ನಾಲ್ಕು ಫೋಟೊ ತೆಗೆಸಿಕೊಂಡು ಇಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ಕ್ರಮ ತಲೆಕೆಳಗಾಗಬೇಕು. ಮೊದಲು ಹಡಗು, ಆಮೇಲೆ ಕಡಲು. ಹಡಗು ಹತ್ತುವುದಕ್ಕೂ ಮೊದಲು ಅದರ ಹಿಂದಿನ ಯುದ್ಧದ ಕಥೆ. ಹೀಗೆ ಹೋದರೆ ಒಂದು ದಿನದ ಪ್ರವಾಸ ಹೇಗೆ ಸಾಗಬೇಕು ಎಂಬುದನ್ನು, ಶಾಲಾ ತಂಡ, ಮಹಿಳಾ ಮಂಡಳ, ಬಡಾವಣೆಯ ನಾಗರಿಕ ಸಂಘ ಅಥವಾ ಎರಡು ಮೂರು ಕುಟುಂಬಗಳನ್ನು ಕರೆದೊಯ್ಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲಿಗೆ ಆ ಹಡಗು ಯಾವುದು ಎಂಬುದು ಸ್ಪಷ್ಟವಾಗಬೇಕು. ಅದು ಐಎನ್‌ಎಸ್ ಚಪಲ್. ಭಾರತೀಯ ನೌಕಾಪಡೆಗೆ 1976ರಲ್ಲಿ ಸೇರಿ, 2005ರಲ್ಲಿ ನಿವೃತ್ತಿ ಹೊಂದಿದ, ಸೋವಿಯತ್ ಒಕ್ಕೂಟದಿಂದ ಬಂದ ಕ್ಷಿಪಣಿ ದೋಣಿ; ಈಗ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಈ ಹಡಗೇ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತೆಂದು ಹಲವು ಕಡೆ ಬರೆದದ್ದನ್ನು ನೀವು ಓದಿರಬಹುದು; ಪ್ರವಾಸಕ್ಕೆ ಕರೆದೊಯ್ಯುವವರೂ ಹಾಗೆಯೇ ಹೇಳುವುದುಂಟು. ಐದು ವರ್ಷ ತಡವಾಗಿ ನೌಕಾಪಡೆಗೆ ಬಂದ ಹಡಗು ಆ ಯುದ್ಧದಲ್ಲಿ ಇರಲು ಸಾಧ್ಯವಿಲ್ಲ. ಕರಾಚಿಗೆ ಹೋದದ್ದು ಇದೇ ವಂಶದ ಹಿಂದಿನ ತಲೆಮಾರಿನ ದೋಣಿಗಳು. ಅವುಗಳ ಪರಾಕ್ರಮವನ್ನು ಕಂಡ ಮೇಲೆಯೇ ನೌಕಾಪಡೆ ಅದೇ ಬಗೆಯ, ಇನ್ನಷ್ಟು ಸುಧಾರಿಸಿದ ಎಂಟು ದೋಣಿಗಳನ್ನು ತರಿಸಿಕೊಂಡಿತು. ಚಪಲ್ ಅವುಗಳಲ್ಲಿ ಒಂದು. ಈ ವ್ಯತ್ಯಾಸವನ್ನು ನಿಮ್ಮ ತಂಡಕ್ಕೆ ಮೊದಲೇ ಹೇಳಿರಿ. ಸತ್ತವರ ಮತ್ತು ಗೆದ್ದವರ ನೆನಪಿಗೆ ಗೌರವ ಕೊಡುವ ಜಾಗದಲ್ಲಿ ತಪ್ಪು ಮಾಹಿತಿ ಕೊಡಬಾರದು. ಅಲ್ಲದೆ ನಿಜ ಸಂಗತಿ ತಿಳಿದದ್ದರಿಂದ ಹಡಗಿನ ಮಹತ್ವ ಕಡಿಮೆಯೇನೂ ಆಗುವುದಿಲ್ಲ: ಕರಾಚಿಗೆ ನುಗ್ಗಿದ ದೋಣಿಗಳ ಒಳಗೆ ಎಷ್ಟು ಜಾಗವಿತ್ತು, ಎಂಥ ಇಕ್ಕಟ್ಟಿನಲ್ಲಿ ಆ ನಾವಿಕರು ಕೆಲಸ ಮಾಡಿದರು ಎಂಬುದನ್ನು ನಮ್ಮ ಭಾಗದವರು ಬೆಳಿಗ್ಗೆ ಹೋಗಿ ರಾತ್ರಿ ಮರಳುವಷ್ಟು ದೂರದಲ್ಲಿ ಕಣ್ಣಾರೆ ನೋಡಬಹುದಾದ ಜಾಗ ಇದೇ.

ದಿನವನ್ನು ಆರಿಸಿಕೊಳ್ಳುವುದು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗಿನ ಕಾಲ ಉತ್ತಮ. ಮಾರ್ಚ್ ನಂತರ ಕರಾವಳಿಯ ಸೆಕೆ ನಮ್ಮ ಬಯಲುಸೀಮೆಯ ಒಣ ಬಿಸಿಲಿಗೆ ಒಗ್ಗಿದವರನ್ನು ಬೇಗ ದಣಿಸುತ್ತದೆ, ಬಿಸಿಲಿಗೆ ಕಾದ ಉಕ್ಕಿನ ಹಡಗಿನೊಳಗೆ ಅದು ಇಮ್ಮಡಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಡವನ್ನು ಕರೆದುಕೊಂಡು ಹೋಗಲೇಬೇಡಿರಿ. 2021ರ ಜುಲೈನಲ್ಲಿ ಅರಬೈಲ್ ಘಟ್ಟದ ಸುತ್ತ ಗುಡ್ಡ ಕುಸಿದು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ ಮುಚ್ಚಿಹೋಗಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಪ್ರಾಣ ಕಳೆದುಕೊಂಡದ್ದು ನಮಗೆಲ್ಲ ನೆನಪಿದೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟ ಎಷ್ಟೇ ಚೆಲುವಾಗಿದ್ದರೂ ಐವತ್ತು ಮಕ್ಕಳನ್ನು ಕೂರಿಸಿಕೊಂಡು ಆ ದಾರಿಯಲ್ಲಿ ಹೋಗುವ ಧೈರ್ಯ ಮಾಡಬಾರದು.

ವಾರದ ದಿನಗಳಲ್ಲಿ ಹೋದರೆ ಹಡಗಿನೊಳಗೆ ನಿಂತು ನೋಡಲು ಸಮಯ ಸಿಗುತ್ತದೆ. ಭಾನುವಾರ ಮತ್ತು ಸಾಲು ರಜೆಗಳಲ್ಲಿ ಹಿಂದಿನಿಂದ ನೂಕುವವರಿರುತ್ತಾರೆ. ಮಾರ್ಗದರ್ಶಿ ಹೇಳುವುದು ಯಾರಿಗೂ ಕೇಳಿಸುವುದಿಲ್ಲ. ವಸ್ತುಸಂಗ್ರಹಾಲಯದ ವಾರದ ರಜೆ, ಮಧ್ಯಾಹ್ನ ಮುಚ್ಚುವ ವೇಳೆ ಮತ್ತು ಪ್ರವೇಶ ದರಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಹೊರಡುವ ಮೂರು ನಾಲ್ಕು ದಿನ ಮೊದಲು ಕಾರವಾರದಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಫೋನ್ ಮಾಡಿ, ಆ ದಿನ ಹಡಗು ತೆರೆದಿರುತ್ತದೆಯೇ, ದುರಸ್ತಿ ನಡೆದಿದೆಯೇ, ನಿಮ್ಮಷ್ಟು ಜನರ ತಂಡಕ್ಕೆ ಯಾವ ವೇಳೆ ಅನುಕೂಲ ಎಂದು ಕೇಳಿಕೊಳ್ಳಿರಿ. ಉಪ್ಪುಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ಇಂಥ ಹಡಗುಗಳಿಗೆ ದುರಸ್ತಿ, ಬಣ್ಣದ ಕೆಲಸ ತಪ್ಪಿದ್ದಲ್ಲ. ನೂರ ಅರವತ್ತು ಕಿಲೋಮೀಟರ್ ಹೋಗಿ ಬೀಗ ಹಾಕಿದ ಬಾಗಿಲು ನೋಡುವುದಕ್ಕಿಂತ ಒಂದು ಫೋನ್ ಕರೆ ಲೇಸು.

ಶಾಲೆಯ ತಂಡವಾದರೆ ಪಾಲಕರ ಒಪ್ಪಿಗೆ ಪತ್ರ ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಅನುಮತಿ ಮೊದಲೇ ಕೈಯಲ್ಲಿರಲಿ. ಪ್ರತಿ ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕೆಂಬುದು ನನ್ನ ಲೆಕ್ಕ. ಹಡಗಿನ ಏಣಿಗಳನ್ನು ನೋಡಿದ ಮೇಲೆ ಅದು ಹೆಚ್ಚಲ್ಲವೆಂದು ನಿಮಗೂ ಅನ್ನಿಸುತ್ತದೆ.

ವಾಹನ ಮತ್ತು ದಾರಿ

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲಾ, ಅಲ್ಲಿಂದ ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಕಾರವಾರ. ಒಟ್ಟು ಸುಮಾರು 165 ಕಿಲೋಮೀಟರ್. ಘಟ್ಟದಲ್ಲಿ ಭಾರಿ ಲಾರಿಗಳ ಹಿಂದೆ ಸಿಕ್ಕಿಬೀಳುವುದನ್ನೂ ಉಪಾಹಾರದ ನಿಲುಗಡೆಯನ್ನೂ ಸೇರಿಸಿ ನಾಲ್ಕೂವರೆ ಗಂಟೆ ಹಿಡಿಯಬೇಕು. ಬೆಳಿಗ್ಗೆ ಐದೂವರೆಗೆ ಹೊರಟರೆ ಏಳರ ಸುಮಾರಿಗೆ ಯಲ್ಲಾಪುರ ತಲುಪಿ ಅಲ್ಲಿ ಇಡ್ಲಿ, ಬನ್ಸ್ ತಿಂದು, ಹತ್ತು ಗಂಟೆಗೆ ಹಡಗಿನ ಎದುರು ನಿಲ್ಲಬಹುದು. ಗದಗಿನವರು ಇದಕ್ಕೆ ಸುಮಾರು ಒಂದು ಗಂಟೆ ಕೂಡಿಸಿಕೊಳ್ಳಬೇಕು. ಹಾವೇರಿ ಕಡೆಯವರು ಹುಬ್ಬಳ್ಳಿಗೆ ಬರುವ ಬದಲು ಶಿರಸಿಗೆ ಹೋಗಿ ಘಟ್ಟ ಇಳಿಯುವುದೇ ಹೆಚ್ಚು. ಆದರೆ ಶಿರಸಿ–ಕುಮಟಾ ರಸ್ತೆಯ ಸ್ಥಿತಿಯನ್ನು ಹಿಂದಿನ ದಿನ ಯಾರನ್ನಾದರೂ ವಿಚಾರಿಸಿ ಹೊರಡುವುದು ಕ್ಷೇಮ.

ರೈಲನ್ನು ಮರೆತುಬಿಡಿರಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇಷ್ಟು ವರ್ಷಗಳ ಬೇಡಿಕೆಯ ನಂತರವೂ ಆಗಿಲ್ಲ. ಲೋಂಡಾ, ಮಡಗಾಂವ್ ಸುತ್ತಿ ಹೋದರೆ ಒಂದು ದಿನದಲ್ಲಿ ಮರಳುವ ಮಾತಿಲ್ಲ. ಒಬ್ಬಿಬ್ಬರಾದರೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸು ಸಾಕು. ದೊಡ್ಡ ತಂಡವಾದರೆ ಅದೇ ಸಂಸ್ಥೆಯಿಂದ ಪ್ರಾಸಂಗಿಕ ಕರಾರಿನ ಮೇಲೆ ಇಡೀ ಬಸ್ಸನ್ನು ಪಡೆಯಬಹುದು. ಘಟ್ಟದ ದಾರಿಯ ಪರಿಚಯವಿರುವ ಚಾಲಕರು ಸಿಗುವರೆಂಬ ಕಾರಣಕ್ಕೆ ನಾನು ಇದನ್ನೇ ಹೆಚ್ಚು ಮೆಚ್ಚುತ್ತೇನೆ. ಖಾಸಗಿ ಟೆಂಪೊ ಟ್ರಾವೆಲರ್ ಗೊತ್ತು ಮಾಡುವುದಾದರೆ ಚಾಲಕ ಹಿಂದಿನ ರಾತ್ರಿ ನಿದ್ದೆ ಮಾಡಿರಬೇಕು, ಮರುದಿನ ಬೆಳಗಿನ ಬಾಡಿಗೆಯನ್ನು ಒಪ್ಪಿಕೊಂಡಿರಬಾರದು ಎಂಬ ಎರಡು ಮಾತನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿರಿ. ಮರಳುವಾಗ ಕತ್ತಲಾಗುವ ಹೊತ್ತಿಗೆ ಘಟ್ಟ ಹತ್ತಬೇಕಾದ ಮನುಷ್ಯ ಅವನೇ.

ಅಂಕೋಲಾ ದಾಟಿದ ಮೇಲೆ ಅರ್ಗಾ ಬಳಿ ಹೆದ್ದಾರಿಯ ಬದಿಯಲ್ಲೇ ನೌಕಾನೆಲೆಯ ಉದ್ದನೆಯ ಗೋಡೆ ಕಾಣಿಸುತ್ತದೆ. ಅದು ಐಎನ್‌ಎಸ್ ಕದಂಬ. ಬನವಾಸಿಯ ಕದಂಬರ ಹೆಸರು ಹೊತ್ತು 2005ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿದ ಈ ನೆಲೆ ಸೀಬರ್ಡ್ ಯೋಜನೆಯ ಫಲ. ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಮಾದಿತ್ಯದ ನೆಲೆಯೂ ಇದೇ. ಇಲ್ಲಿ ವಾಹನ ನಿಲ್ಲಿಸಬಾರದು, ಕಿಟಕಿಯಿಂದ ಮೊಬೈಲ್ ಹಿಡಿದು ಚಿತ್ರ ತೆಗೆಯಬಾರದು. ಇದನ್ನು ಅಂಕೋಲಾದಲ್ಲೇ ಎಲ್ಲರಿಗೂ ತಿಳಿಸಿರಿ. ಈ ನೆಲೆಗಾಗಿ ಮನೆ, ಗದ್ದೆ, ಮೀನು ಹಿಡಿಯುವ ದಡ ಬಿಟ್ಟುಕೊಟ್ಟ ಕುಟುಂಬಗಳನ್ನು ಈ ಭಾಗದಲ್ಲಿ ಸೀಬರ್ಡ್ ನಿರಾಶ್ರಿತರು ಎನ್ನುತ್ತಾರೆ. ಪರಿಹಾರಕ್ಕಾಗಿ ಅವರು ವರ್ಷಗಟ್ಟಲೆ ಅಲೆದದ್ದನ್ನೂ ಎರಡು ಮಾತಿನಲ್ಲಿ ಹೇಳುವುದು ನ್ಯಾಯ. ದೇಶದ ರಕ್ಷಣೆಗೆ ಬೆಲೆ ತೆತ್ತವರಲ್ಲಿ ಅವರೂ ಇದ್ದಾರೆ.

ಮಾರ್ಗದರ್ಶಿ ಯಾರಾಗಬೇಕು

ಇಡೀ ದಿನದ ಯಶಸ್ಸು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹುಬ್ಬಳ್ಳಿಯ ಪ್ರವಾಸ ಏಜೆನ್ಸಿಗಳು ಕಾರವಾರ–ಗೋಕರ್ಣ ಪ್ಯಾಕೇಜಿನಲ್ಲಿ ‘ಗೈಡ್ ಸಮೇತ’ ಎಂದು ಬರೆದಿದ್ದರೆ, ಆ ಗೈಡ್ ಹಡಗಿನ ಒಳಗೂ ಬಂದು ವಿವರಿಸುತ್ತಾರೆಯೇ, ಇಲ್ಲವೇ ಟಿಕೆಟ್ ತೆಗೆಸಿಕೊಟ್ಟು ಬಸ್ಸಿನಲ್ಲಿ ಕೂರುತ್ತಾರೆಯೇ ಎಂದು ಮುಂಗಡ ಕೊಡುವ ಮುನ್ನವೇ ಕೇಳಬೇಕು. ಹಡಗಿಗೆ ಎಷ್ಟು ಹೊತ್ತು ಮೀಸಲೆಂದೂ ಕೇಳಿರಿ. ಅರ್ಧ ಗಂಟೆ ಎಂಬ ಉತ್ತರ ಬಂದರೆ ಬೇರೆಯವರನ್ನು ನೋಡಿರಿ. ಒಂದೂವರೆ ಗಂಟೆಯಾದರೂ ಬೇಕು.

ಇದಕ್ಕಿಂತ ಒಳ್ಳೆಯ ದಾರಿ ನಿವೃತ್ತ ನೌಕಾಪಡೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು. ನಮ್ಮ ಜಿಲ್ಲೆಗಳಲ್ಲಿ ಭೂಸೇನೆಯಿಂದ ಬಂದವರಷ್ಟು ಅಲ್ಲದಿದ್ದರೂ ನೌಕಾಪಡೆಯಿಂದ ನಿವೃತ್ತರಾದವರೂ ಇದ್ದಾರೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅಥವಾ ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಿದರೆ ಯಾರಾದರೊಬ್ಬರ ಪರಿಚಯ ಸಿಗುತ್ತದೆ. ಅವರ ಪ್ರಯಾಣ, ಊಟದ ಖರ್ಚನ್ನು ತಂಡವೇ ಹೊರಬೇಕು. ಗೌರವಧನದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿಬಿಡಬೇಕು. ಹಡಗಿನಲ್ಲಿ ದುಡಿದವರು ಏಣಿ ಇಳಿಯುವ ರೀತಿಯೇ ಬೇರೆ. ಅದನ್ನು ಕಂಡರೆ ಸಾಕು, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ.

ಇವೆರಡೂ ಆಗದಿದ್ದರೆ ತಂಡದೊಳಗಿನ ಒಬ್ಬರು, ಇತಿಹಾಸದಲ್ಲಿ ಆಸಕ್ತಿಯುಳ್ಳ ಶಿಕ್ಷಕರೋ ಕಾಲೇಜು ವಿದ್ಯಾರ್ಥಿಯೋ, ಆ ಹೊಣೆ ಹೊರಲಿ. ಅವರಿಗೆ ಬೇಕಾಗುವ ಮುಖ್ಯ ಸಂಗತಿಗಳನ್ನು ಮುಂದೆ ಕೊಟ್ಟಿದ್ದೇನೆ.

ಬಸ್ಸಿನಲ್ಲೇ ಹೇಳಬೇಕಾದ ಕಥೆ

ಹಡಗಿನೊಳಗೆ ನಿಂತು ಇಡೀ ಯುದ್ಧದ ಕಥೆ ಹೇಳಲು ಆಗುವುದಿಲ್ಲ. ಜಾಗ ಕಿರಿದು, ಸೆಕೆ ಬೇರೆ. ಯಲ್ಲಾಪುರದಲ್ಲಿ ಉಪಾಹಾರವಾದ ಮೇಲೆ, ಘಟ್ಟದ ತಿರುವುಗಳಲ್ಲಿ ಕೆಲವರಿಗೆ ಹೊಟ್ಟೆ ತೊಳಸಿದಂತಾಗುವುದರಿಂದ, ಘಟ್ಟ ಇಳಿದು ಗಂಗಾವಳಿಯ ಬಯಲಿಗೆ ಬಂದಾಗ ಬಸ್ಸಿನಲ್ಲೇ ಈ ಕಥೆಯನ್ನು ಹೇಳಿರಿ.

1971ರ ಡಿಸೆಂಬರ್ 3ರಂದು ಪಾಕಿಸ್ತಾನ ಭಾರತದ ವಾಯುನೆಲೆಗಳ ಮೇಲೆ ದಾಳಿ ಮಾಡಿತು. ಮರುದಿನ ರಾತ್ರಿಯೇ ನಮ್ಮ ನೌಕಾಪಡೆಯ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಕಿಲ್ತಾನ್ ಮತ್ತು ಕಚಲ್ ಎಂಬ ಹಡಗುಗಳ ಬೆಂಗಾವಲಿನಲ್ಲಿ ಕರಾಚಿಯತ್ತ ಸಾಗಿದವು. ಇದಕ್ಕೆ ಆಪರೇಷನ್ ಟ್ರೈಡೆಂಟ್ ಎಂದು ಹೆಸರು. ಕ್ಷಿಪಣಿ ದೋಣಿಗಳನ್ನು ಸ್ವಂತ ತೀರದ ರಕ್ಷಣೆಗೆಂದೇ ಕಟ್ಟಲಾಗುತ್ತದೆ. ಅವುಗಳ ಇಂಧನ ದೂರದ ಪಯಣಕ್ಕೆ ಸಾಲದು. ಅಂಥ ದೋಣಿಗಳನ್ನೇ ಶತ್ರುವಿನ ಬಂದರಿನ ಬಾಗಿಲಿಗೆ ಕಳುಹಿಸುವ ನಿರ್ಧಾರ ಮಾಡಿದ್ದರಲ್ಲೇ ಆಗಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಅವರ ಧೈರ್ಯವಿದೆ. ನಿರ್ಘಾತ್‌ನ ಕ್ಷಿಪಣಿಗಳಿಗೆ ಪಾಕಿಸ್ತಾನದ ವಿಧ್ವಂಸಕ ನೌಕೆ ಖೈಬರ್ ಮುಳುಗಿತು, ವೀರ್ ಹಾರಿಸಿದ ಕ್ಷಿಪಣಿಗೆ ಕಡಲಬಾಂಬು ತೆಗೆಯುವ ಹಡಗು ಮುಹಾಫಿಜ್ ಬಲಿಯಾಯಿತು. ದೋಣಿಗಳ ದಳವನ್ನು ಮುನ್ನಡೆಸಿದ ಕಮಾಂಡರ್ ಬಬ್ರು ಭಾನ್ ಯಾದವ್ ಅವರಿಗೆ ಮಹಾವೀರ ಚಕ್ರ ಸಂದಿತು. ಸೋವಿಯತ್ ಒಕ್ಕೂಟದಲ್ಲಿ ತರಬೇತಿ ಪಡೆದಿದ್ದ ನಮ್ಮ ನಾವಿಕರು, ಶತ್ರು ಕದ್ದು ಕೇಳಿದರೂ ತಿಳಿಯದಿರಲೆಂದು ರೇಡಿಯೊದಲ್ಲಿ ರಷ್ಯನ್ ಭಾಷೆಯಲ್ಲಿ ಮಾತನಾಡಿಕೊಂಡರೆಂದು ಹೇಳುವುದುಂಟು. ಮಕ್ಕಳಿಗೆ ಈ ಭಾಗ ಬಹಳ ಹಿಡಿಸುತ್ತದೆ. ನಾಲ್ಕು ದಿನಗಳ ನಂತರ, ಡಿಸೆಂಬರ್ 8ರ ರಾತ್ರಿ, ವಿನಾಶ್ ಎಂಬ ಒಂದೇ ಕ್ಷಿಪಣಿ ದೋಣಿ ತಲ್ವಾರ್ ಮತ್ತು ತ್ರಿಶೂಲ್ ನೌಕೆಗಳೊಂದಿಗೆ ಮತ್ತೆ ಹೋಗಿ ಕರಾಚಿಯ ಕೀಮಾರಿ ತೈಲ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಮೊದಲ ದಾಳಿಯ ನೆನಪಿಗಾಗಿಯೇ ಪ್ರತಿ ವರ್ಷ ಡಿಸೆಂಬರ್ 4 ನಮ್ಮ ನೌಕಾಪಡೆ ದಿನ.

ಇಲ್ಲಿಗೆ ನಿಲ್ಲಿಸಿಬಿಡುವವರೇ ಹೆಚ್ಚು. ದಯವಿಟ್ಟು ನಿಲ್ಲಿಸಬೇಡಿರಿ. ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಹಾರಿಸಿದ, ನೀರಿನೊಳಗೇ ಸಾಗಿ ಬಡಿಯುವ ಟಾರ್ಪಿಡೊಗೆ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು ಮತ್ತು 176 ನಾವಿಕರು ಅದರೊಂದಿಗೆ ನೀರುಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಸಿಬ್ಬಂದಿಯಲ್ಲಿ ಆದಷ್ಟು ಜನರನ್ನು ಪಾರು ಮಾಡಿ, ತಾವು ಹಡಗಿನಲ್ಲೇ ಉಳಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಕೊಡಲಾಯಿತು. ಖುಕ್ರಿಯ ಸ್ಮಾರಕ ದೀವ್‌ನಲ್ಲಿದೆ. ಗೆಲುವಿನ ಕಥೆಯ ಜೊತೆಗೆ ಈ ಸಾವುಗಳ ಕಥೆಯನ್ನೂ ಕೇಳಿದವರು ಮಾತ್ರ ಯುದ್ಧನೌಕೆಯನ್ನು ಆಟದ ಸಾಮಾನಿನಂತೆ ನೋಡುವುದಿಲ್ಲ. ಧಾರವಾಡದ ಕಾರ್ಗಿಲ್ ಸ್ತೂಪದ ಎದುರು ತಲೆಬಾಗುವ ನಾವು, ಕಡಲಿನಲ್ಲಿ ಸತ್ತವರಿಗೆ ಸಮಾಧಿಯೂ ಇರುವುದಿಲ್ಲ ಎಂಬುದನ್ನು ನೆನೆಯಬೇಕು.

ಹಡಗಿನ ಒಳಗೆ

ಕಾರವಾರದಲ್ಲಿ ‘ವಾರ್‌ಶಿಪ್ ಮ್ಯೂಸಿಯಂ’ ಎಂದು ಕೇಳಿದರೆ ಆಟೊದವರಿಂದ ಹಿಡಿದು ಎಳನೀರು ಮಾರುವವರವರೆಗೆ ಎಲ್ಲರೂ ದಾರಿ ತೋರಿಸುತ್ತಾರೆ. ಟಿಕೆಟ್ ಕೊಂಡ ಕೂಡಲೇ ಒಳಗೆ ನುಗ್ಗಬೇಡಿರಿ. ಮೊದಲು ಹಡಗಿನ ಸುತ್ತ ಒಂದು ಪ್ರದಕ್ಷಿಣೆ ಬರಲಿ. ಉದ್ದ ಸುಮಾರು 39 ಮೀಟರ್. ನಮ್ಮ ಹುಬ್ಬಳ್ಳಿ–ಧಾರವಾಡದ ಮೂರು ಚಿಗರಿ ಬಸ್ಸುಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ. ತುಂಬಿದ ತೂಕ 245 ಟನ್‌ನಷ್ಟು. ಸುಮಾರು ಮೂವತ್ತು ಜನ ಇದರಲ್ಲಿ ದಿನಗಟ್ಟಲೆ ಇರುತ್ತಿದ್ದರು. ಮೂರು ಡೀಸೆಲ್ ಎಂಜಿನ್‌ಗಳ ಬಲದಿಂದ 35 ನಾಟ್‌ಗೂ ಮಿಕ್ಕಿದ ವೇಗದಲ್ಲಿ, ಅಂದರೆ ಗಂಟೆಗೆ 65 ಕಿಲೋಮೀಟರ್‌ನಷ್ಟು ವೇಗದಲ್ಲಿ ಇದು ನೀರನ್ನು ಸೀಳಿಕೊಂಡು ಹೋಗುತ್ತಿತ್ತು.

ಹೊರಗಿನಿಂದಲೇ ತಂಡಕ್ಕೆ ತೋರಿಸಬೇಕಾದದ್ದು ಕ್ಷಿಪಣಿಗಳ ಗೂಡುಗಳನ್ನು. ಡೆಕ್ಕಿನ ಎರಡೂ ಬದಿಯಲ್ಲಿ ಎರಡೆರಡರಂತೆ ನಾಲ್ಕು ಭಾರಿ ಕೊಳವೆಗಳಿವೆ, ಬಾಯಿ ಮುಂದಕ್ಕೆ, ತುಸು ಮೇಲ್ಮುಖವಾಗಿ. ಹಿಂದಿನ ಜೋಡಿಯನ್ನು ಮುಂದಿನದಕ್ಕಿಂತ ಎತ್ತರಿಸಿ ಕೂರಿಸಿರುವುದನ್ನು ಗಮನಿಸಿರಿ. ಅಲ್ಲಿಂದ ಹೊರಟ ಕ್ಷಿಪಣಿ ಮುಂದಿನ ಕೊಳವೆಯ ಮೇಲಿಂದ ಹಾರಿಹೋಗಬೇಕಲ್ಲ. ಒಂದೊಂದು ಕ್ಷಿಪಣಿಯ ತೂಕ ಎರಡು ಟನ್ನಿಗೂ ಹೆಚ್ಚು, ಹಾಗಾಗಿ ಇಷ್ಟು ಚಿಕ್ಕ ಹಡಗು ನಾಲ್ಕಕ್ಕಿಂತ ಹೆಚ್ಚು ಹೊರಲಾರದು. ನಾಲ್ಕೂ ಮುಗಿದ ಮೇಲೆ ದೋಣಿಗೆ ಉಳಿಯುತ್ತಿದ್ದದ್ದು ಮುಂದೊಂದು, ಹಿಂದೊಂದು ಇರುವ 30 ಮಿಲಿಮೀಟರ್‌ನ ಜೋಡಿ ತುಪಾಕಿಗಳು ಮತ್ತು ತನ್ನ ವೇಗ. ಬಸ್ಸಿನಲ್ಲಿ ಕಥೆ ಕೇಳಿದ ಮಕ್ಕಳಿಗೆ ಇಲ್ಲಿ ಒಂದು ಪ್ರಶ್ನೆ ಹಾಕಿರಿ: ಹಾರಿಸಿ ಮುಗಿದ ಮೇಲೆ, ಶತ್ರುವಿನ ಬಂದರಿನ ಎದುರು, ಮರಳಿ ಮನೆಗೆ ಎಷ್ಟು ದೂರ? ಬೆಂಗಾವಲು ಹಡಗುಗಳು ಯಾಕೆ ಬೇಕಾದವೆಂಬುದು ಅವರಿಗೇ ಹೊಳೆಯುತ್ತದೆ.

ಒಳಗೆ ಹೋಗುವಾಗ ಹತ್ತು ಹತ್ತು ಜನರ ಗುಂಪು ಮಾಡಿರಿ. ಒಂದು ಗುಂಪು ಒಳಗಿರುವಾಗ ಉಳಿದವರು ನೆರಳಿನಲ್ಲಿ ಕೂರಲಿ. ಏಣಿಗಳು ಕಡಿದಾಗಿವೆ, ಬಾಗಿಲುಗಳು ಗಿಡ್ಡ, ಹೊಸ್ತಿಲುಗಳು ಎತ್ತರ. ನುಗ್ಗಿದ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯದಿರಲೆಂದು ಹಡಗಿನ ಹೊಸ್ತಿಲುಗಳನ್ನು ಹಾಗೆ ಕಟ್ಟುತ್ತಾರೆ. ಎತ್ತರದವರು ತಲೆ ತಗ್ಗಿಸಿ ನಡೆಯಬೇಕು. ಏಣಿ ಇಳಿಯುವಾಗ ಮುಖ ಏಣಿಯ ಕಡೆಗಿರಬೇಕು, ಎರಡೂ ಕೈ ಖಾಲಿ ಇರಬೇಕು. ಆದ್ದರಿಂದ ಬ್ಯಾಗುಗಳು ಬಸ್ಸಿನಲ್ಲೇ ಉಳಿಯಲಿ. ಇಳಕಲ್ ಸೀರೆ ಉಟ್ಟು ಬರುವ ಅಜ್ಜಿಯರಿಗೆ, ಮೊಣಕಾಲು ನೋವಿರುವವರಿಗೆ ಮೇಲಿನ ಡೆಕ್ಕಿನವರೆಗೆ ಹೋಗಿ ಬರಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೆರವು ಪಡೆಯಿರಿ. ಒತ್ತಾಯ ಮಾಡಿ ಕೆಳಗಿಳಿಸುವುದು ಬೇಡ. ಜಾರುವ ಚಪ್ಪಲಿಗಿಂತ ಬೂಟು ಮೇಲು.

ಒಳಗಿನ ಕೋಣೆಗಳಲ್ಲಿ ಕ್ಯಾಪ್ಟನ್, ವೈದ್ಯ, ನಾವಿಕರು ತಮ್ಮ ತಮ್ಮ ಕೆಲಸದಲ್ಲಿರುವಂತೆ ಗೊಂಬೆಗಳನ್ನು ನಿಲ್ಲಿಸಿದ್ದಾರೆ. ಮಕ್ಕಳು ಗೊಂಬೆಗಳನ್ನೇ ನೋಡುತ್ತ ನಿಲ್ಲುತ್ತಾರೆ. ಮಾರ್ಗದರ್ಶಿಯಾದವರು ಅವರ ಕಣ್ಣನ್ನು ಗೋಡೆಗಳ ಕಡೆಗೆ ತಿರುಗಿಸಬೇಕು. ತಲೆಯ ಮೇಲೆ ಹಾದುಹೋಗುವ ಪೈಪುಗಳು, ಒಬ್ಬರ ಭುಜಕ್ಕೆ ಇನ್ನೊಬ್ಬರ ಭುಜ ತಾಗುವ ನಡುದಾರಿ, ಕಿಟಕಿಯಿಲ್ಲದ ಕೋಣೆಗಳು. ಇಲ್ಲಿ ಎಲ್ಲರನ್ನೂ ಒಂದು ನಿಮಿಷ ಮಾತಿಲ್ಲದೆ ನಿಲ್ಲಿಸಿರಿ. ಎಂಜಿನ್ನುಗಳ ಸದ್ದು, ಡೀಸೆಲ್ ವಾಸನೆ, ಅಲೆಯ ಹೊಯ್ದಾಟ, ಹೊರಗೆ ಏನಾಗುತ್ತಿದೆ ಎಂಬುದು ಕೆಳಗಿದ್ದವರಿಗೆ ಕಾಣದಿದ್ದದ್ದು ಇವನ್ನೆಲ್ಲ ಊಹಿಸಿಕೊಳ್ಳಲು ಹೇಳಿರಿ. ಖುಕ್ರಿಯ ನಾವಿಕರನ್ನು ನೆನೆಯಲು ಇದಕ್ಕಿಂತ ತಕ್ಕ ಜಾಗ ಬೇರೆ ಇಲ್ಲ. ಗುಂಡಿಗಳನ್ನು ಒತ್ತುವುದು, ಚಕ್ರಗಳನ್ನು ತಿರುಗಿಸುವುದು, ಗೋಡೆಯ ಮೇಲೆ ಹೆಸರು ಕೆತ್ತುವುದು ಯಾವುದೂ ಕೂಡದೆಂಬ ಮಾತು ಹತ್ತುವ ಮೊದಲೇ ಆಗಿರಬೇಕು. ನೌಕಾಪಡೆಯ ಕಿರುಚಿತ್ರ ತೋರಿಸುವ ದಿನವಾದರೆ ಅದನ್ನು ಹಡಗು ನೋಡಿ ಮುಗಿದ ಮೇಲೆ ನೋಡುವುದು ವಾಸಿ.

ಹಾವೇರಿಯವರು ಬಿಡಬಾರದ ಪ್ರತಿಮೆ

ಹಡಗಿನ ಪಕ್ಕದಲ್ಲೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಇದೆ. ಜನ ಇದರ ಮುಂದೆಯೇ ಹಾದುಹೋಗುತ್ತಾರೆ, ನಿಲ್ಲುವವರು ಕಡಿಮೆ. ರಾಣೆಯವರು ನೌಕಾಪಡೆಯವರಲ್ಲ, ಭೂಸೇನೆಯ ಬಾಂಬೆ ಎಂಜಿನಿಯರ್ಸ್ ದಳದವರು. ಅವರ ಊರು ಕಾರವಾರದ ಹತ್ತಿರದ ಚೆಂಡಿಯಾ, ನೀವು ಬಂದ ಹೆದ್ದಾರಿಯ ಬದಿಯ ಊರು. ಆದರೆ ಅವರು 1918ರ ಜೂನ್ 26ರಂದು ಹುಟ್ಟಿದ್ದು, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿಯಲ್ಲಿ. ಇದನ್ನು ನಮ್ಮ ಕಡೆಯ ಎಷ್ಟು ಜನ ಬಲ್ಲರು?

1948ರ ಏಪ್ರಿಲ್‌ನಲ್ಲಿ ಜಮ್ಮುವಿನ ನೌಶೇರಾದಿಂದ ರಜೌರಿಗೆ ನಮ್ಮ ಟ್ಯಾಂಕುಗಳು ಸಾಗಬೇಕಿತ್ತು. ದಾರಿಯ ತುಂಬ ನೆಲಬಾಂಬು, ಕಡಿದು ಉರುಳಿಸಿದ ಪೈನ್ ಮರಗಳು. ಗುಂಡಿನ ಸುರಿಮಳೆಯಲ್ಲಿ ತಮ್ಮ ಜೊತೆಯವರು ಸತ್ತು, ತಾವೂ ಗಾಯಗೊಂಡ ಮೇಲೂ ಸೆಕೆಂಡ್ ಲೆಫ್ಟಿನೆಂಟ್ ರಾಣೆ ದಾರಿ ತೆರವು ಮಾಡುವುದನ್ನು ಬಿಡಲಿಲ್ಲ. ಒಂದು ಹಂತದಲ್ಲಿ ಅವರು ಮುಂದಿನ ಟ್ಯಾಂಕಿನ ಅಡಿಯಲ್ಲಿ, ಅದರ ಎರಡು ಸರಪಳಿ ಪಟ್ಟಿಗಳ ನಡುವೆ ತೆವಳುತ್ತ, ನೆಲಬಾಂಬು ಹುಡುಕುತ್ತ ಸಾಗಿದರು. ಚಾಲಕನಿಗೆ ಸನ್ನೆ ಮಾಡಲು ಅವರಲ್ಲಿ ಇದ್ದದ್ದು ಎರಡು ಹಗ್ಗ: ಒಂದನ್ನು ಎಳೆದರೆ ನಿಲ್ಲು, ಇನ್ನೊಂದನ್ನು ಎಳೆದರೆ ಮುಂದೆ ಸಾಗು. ಪರಮವೀರ ಚಕ್ರವನ್ನು ಬದುಕಿರುವಾಗಲೇ ಪಡೆದ ಮೊದಲಿಗರು ಅವರು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೆ ಅವರ ಹೆಸರಿಡಲಾಗಿದೆ. ಹಾವೇರಿಯ ಯಾವುದೇ ಶಾಲೆ ಕಾರವಾರಕ್ಕೆ ಬಂದರೆ ಒಂದು ಹೂಮಾಲೆಯನ್ನು ಊರಿನಿಂದಲೇ ತರಲಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಏಲಕ್ಕಿ ಹಾರಕ್ಕೆ ಹೆಸರಾದ ಊರಿನವರಿಗೆ ಅದೇನೂ ಕಷ್ಟವಲ್ಲ.

ವಿಮಾನ, ಊಟ, ಆಮೇಲೆ ಕಡಲು

ಈಚಿನ ವರ್ಷಗಳಲ್ಲಿ ಹಡಗಿನ ನೆರೆಯಲ್ಲಿ ನೌಕಾಪಡೆಯ ಟುಪೊಲೆವ್ 142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. 1988ರಿಂದ 2017ರವರೆಗೆ ಸಮುದ್ರದ ಮೇಲೆ ಗಸ್ತು ತಿರುಗಿ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸವಾಗಿತ್ತು; ನಿವೃತ್ತಿಯಾದದ್ದು ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿ. ನಾಲ್ಕು ಎಂಜಿನ್‌ಗಳಲ್ಲಿ ಪ್ರತಿಯೊಂದಕ್ಕೂ ಎರಡು ಪಂಖಗಳಿದ್ದು ಅವು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಿದ್ದವು. ಖುಕ್ರಿಯನ್ನು ಮುಳುಗಿಸಿದ್ದು ಜಲಾಂತರ್ಗಾಮಿ ಎಂಬುದನ್ನು ಕೇಳಿದ ಮಕ್ಕಳಿಗೆ ಈ ವಿಮಾನ ಏಕೆ ಬೇಕಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಅರ್ಧ ಗಂಟೆ ಸಾಕು.

ಊಟಕ್ಕೆ ಕಾರವಾರದಲ್ಲಿ ಮೀನಿನ ಊಟದ ಖಾನಾವಳಿಗಳು ಬೇಕಾದಷ್ಟಿವೆ, ಸಸ್ಯಾಹಾರಿ ಹೋಟೆಲುಗಳೂ ಇವೆ. ಆದರೂ ದೊಡ್ಡ ತಂಡಕ್ಕೆ ಒಂದೇ ಕಡೆ ಬೇಗ ಊಟ ಸಿಗುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೂ ಉಳಿಯುತ್ತದೆ, ಒಂದು ಗಂಟೆಯೂ ಉಳಿಯುತ್ತದೆ. ಕುಡಿಯುವ ನೀರು ಮನೆಯಲ್ಲಿ ಬೇಕೆನ್ನಿಸುವುದರ ಇಮ್ಮಡಿ ಇರಲಿ. ಬುತ್ತಿಯ ಕಾಗದ, ಪ್ಲಾಸ್ಟಿಕ್ ಚೀಲಗಳು ಬಸ್ಸಿನಲ್ಲೇ ಮರಳಿ ಬರಲಿ.

ಕಡಲಿಗೆ ಮೂರು ಗಂಟೆಯ ನಂತರ ಇಳಿದರೆ ಸಾಕು. 1880ರ ದಶಕದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ತರುಣ ರವೀಂದ್ರನಾಥರು ಈ ತೀರವನ್ನು ಕಂಡು ಮಾರುಹೋದದ್ದರಿಂದ ಇದಕ್ಕೆ ಅವರ ಹೆಸರು. ಮಕ್ಕಳ ತಂಡವಾದರೆ ಮೊಣಕಾಲಿಗಿಂತ ಆಳದ ನೀರಿಗೆ ಯಾರೂ ಹೋಗಬಾರದು. ಕಾವಲು ಸಿಬ್ಬಂದಿ ಬೇಡವೆಂದರೆ ನೀರಿಗೆ ಇಳಿಯಲೇಬಾರದು. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಕೆರೆ, ಹೊಂಡಗಳಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಹಿಂದಕ್ಕೆ ಸೆಳೆಯುವ ಅಲೆಯ ಬಲದ ಅಂದಾಜಿರುವುದಿಲ್ಲ. ದಡದಲ್ಲಿ ಇಬ್ಬರು ದೊಡ್ಡವರು ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ತಲೆ ಎಣಿಸುತ್ತ ನಿಂತಿರಬೇಕು.

ಮರಳುವ ದಾರಿ

ನಾಲ್ಕೂವರೆಗೆ ಬಸ್ಸು ಹೊರಡಲಿ. ಆಗ ಘಟ್ಟದ ಬಹುಪಾಲನ್ನು ಬೆಳಕಿರುವಾಗಲೇ ಹತ್ತಬಹುದು, ಯಲ್ಲಾಪುರದಲ್ಲಿ ಚಹಾ ಕುಡಿದು ಒಂಬತ್ತರ ಸುಮಾರಿಗೆ ಹುಬ್ಬಳ್ಳಿ ಸೇರಬಹುದು. ಗೋಕರ್ಣವನ್ನೂ ಇದೇ ದಿನಕ್ಕೆ ಸೇರಿಸೋಣವೆಂದು ಯಾರಾದರೂ ಒತ್ತಾಯಿಸುತ್ತಾರೆ, ಒಪ್ಪಬೇಡಿರಿ; ಅದಕ್ಕೆ ಬೇರೆ ದಿನವೇ ಬೇಕು.

ನೀರಿನ ಮೇಲಿರುವ, ಸೇವೆಯಲ್ಲಿರುವ ಯುದ್ಧನೌಕೆಯನ್ನೂ ನೋಡಬೇಕೆಂಬ ಆಸೆ ತಂಡದಲ್ಲಿ ಹುಟ್ಟಿದರೆ ಮುಂದಿನ ಡಿಸೆಂಬರ್‌ವರೆಗೆ ಕಾಯಿರಿ. ನೌಕಾಪಡೆ ದಿನದ ಆಸುಪಾಸಿನಲ್ಲಿ ಕೆಲವು ವರ್ಷ ಕದಂಬ ನೆಲೆಯ ಹಡಗುಗಳನ್ನು ಸಾರ್ವಜನಿಕರಿಗೆ ತೋರಿಸುವುದುಂಟು. ಅದರ ಪ್ರಕಟಣೆ ಪತ್ರಿಕೆಗಳ ಉತ್ತರ ಕನ್ನಡ ಪುಟದಲ್ಲಿ ಮೊದಲು ಬರುವುದರಿಂದ ನವೆಂಬರ್ ಕೊನೆಯ ವಾರದಿಂದಲೇ ಅದರ ಮೇಲೆ ಕಣ್ಣಿಟ್ಟಿರಬೇಕು. ಹೋಗುವ ಪ್ರತಿಯೊಬ್ಬರೂ ಆಧಾರ್‌ನಂಥ ಗುರುತಿನ ಚೀಟಿಯ ಮೂಲ ಪ್ರತಿಯನ್ನು ಜೊತೆಗಿಟ್ಟುಕೊಳ್ಳಬೇಕು, ಮೊಬೈಲ್ ಮತ್ತು ಕ್ಯಾಮೆರಾಗಳನ್ನು ದ್ವಾರದಲ್ಲೇ ಬಿಡಲು ಸಿದ್ಧರಿರಬೇಕು.